ಗಿರಣಿ ಸಾಬಣ್ಣನಿಗೆ ಆರು ತಿಂಗಳು ಗುಳಿಗೆ ನುಂಗಿಸಿದ್ದು

ಆಶಾ ಕೆಲಸಕ್ಕೆ ಈಗ ಸೇರಿರುವ ಹುಡುಗಿಯರಿಗೆ ಮೊದಲೇ ಒಂದು ಮಾತು. ಗುಲಾಬಿ ಸೀರೆ ಉಟ್ಟು ನೀವು ಯಾರ ಮನೆ ಮುಂದೆ ನಿಂತರೂ, ನೀವು ಬಾಯಿ ತೆಗೆಯುವುದರೊಳಗೆ ಆ ಮನೆಯಲ್ಲಿ ಏನೋ ಇದೆ ಎಂದು ಇಡೀ ಓಣಿಗೆ ಗೊತ್ತಾಗಿರುತ್ತದೆ. ಬಸುರಿ ಇದ್ದರೆ ಬಸುರಿ, ಇಲ್ಲದಿದ್ದರೆ ಜಡ್ಡು. ರೋಗಿಯ ವಿಷಯ ಗುಟ್ಟಾಗಿಡಬೇಕು ಎಂದು ತರಬೇತಿಯಲ್ಲಿ ಬರೆಸುತ್ತಾರೆ. ಬರೆದುಕೊಳ್ಳಿ. ಆದರೆ ಒಂದು ಮನೆಯ ಗುಟ್ಟು ಉಳಿಯಬೇಕಾದರೆ ಒಂಬತ್ತು ಮನೆಗೆ ಹೋಗಬೇಕು, ಒಂಬತ್ತೂ ಕಡೆ ಚಹಾ ಕುಡಿಯಬೇಕು ಎಂದು ಯಾರೂ ಬರೆಸುವುದಿಲ್ಲ. ನನ್ನ ಹೊಟ್ಟೆ ಹಾಳಾದದ್ದು ಊರಿನವರ ಗುಟ್ಟುಗಳಿಂದ.

ನಾನು ಎಂಟನೇ ಇಯತ್ತೆವರೆಗೆ ಓದಿದವಳು. ಸುರಪುರದಿಂದ ಬೋನಾಳದ ಕೆರೆ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಆಶಾ ಬೇಕು ಎಂದಾಗ, ನನಗಿಂತ ಹೆಚ್ಚು ಓದಿದ ಸೊಸೆಯಂದಿರನ್ನು ಯಾರೂ ಹೊಸ್ತಿಲು ದಾಟಿಸಲಿಲ್ಲ. ನಮ್ಮತ್ತೆ ಮಾತ್ರ, "ಮನಿಯಾಗಿದ್ರ ನನ್ನ ತಲಿ ತಿಂತಾಳ, ಊರವ್ರ ತಲಿ ತಿನ್ಲಿ ಹೋಗ್ಲಿ" ಎಂದು ಖುಷಿಯಿಂದ ಕಳಿಸಿದಳು. ಅರವತ್ತು ತುಂಬುವ ತನಕ ತಿಂದೆ.

ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಕೇಳಿದಳು, "ಅಮ್ಮಾ, ಎಲ್ಲಾಕ್ಕಿಂತ ಕಷ್ಟದ ಕೇಸು ಯಾವುದ್ರಿ? ಹೆರಿಗೀನೇ ಹೌದಿಲ್ರಿ?" ಅಲ್ಲ. ಹೆರಿಗೆಯಲ್ಲಿ ಒಳಗಿರುವುದು ಇವತ್ತಲ್ಲ ನಾಳೆ ಹೊರಗೆ ಬರಲೇಬೇಕು. ಗೋಡೆ ಕಡೆ ಮುಖ ಮಾಡಿ ಮಲಗಿದ ಗಂಡಸಿಗೆ ಅಂಥ ಯಾವ ಅವಸರವೂ ಇರುವುದಿಲ್ಲ. ನನಗೆ ಕಷ್ಟ ಕೊಟ್ಟವನು ಗಿರಣಿ ಸಾಬಣ್ಣ. ಅವನಿಗೆ ಕಷ್ಟ ಕೊಟ್ಟವಳು ನಾನು. ಎರಡನ್ನೂ ಹೇಳುತ್ತೇನೆ.

ಅದಕ್ಕೆ ಮೊದಲು ತರಬೇತಿಯ ವಿಷಯ. ಜಡ್ಡು ಬಂದವರಿಗೆ ಧೈರ್ಯ ಹೇಳುವುದು ಹೇಗೆಂದು ಕಲಿಸಲು ಸುರಪುರಕ್ಕೆ ಒಬ್ಬ ಮೇಡಂ ಬಂದಿದ್ದರು. ತೆಳ್ಳಗಿನ ದನಿ. ಅವರು ಮಾತಾಡಿದರೆ ನನಗೆ ನಿದ್ದೆ ಬರುತ್ತಿತ್ತು. ಒಬ್ಬರು ರೋಗಿ, ಒಬ್ಬರು ಆಶಾ ಎಂದು ಎದುರುಬದುರು ಕೂರಿಸಿ ಮಾತಾಡಿಸುತ್ತಿದ್ದರು. ನನ್ನ ಸರದಿ ಬಂತು. "ಯಾಕವ್ವಾ, ಏನಾಗ್ಯದ ನಿನಗ?" ಎಂದು ಕೇಳಿದೆ. ರೋಗಿಯಾಗಿ ಕೂತಿದ್ದ ಹುಡುಗಿ ಬೆಚ್ಚಿ, ಕುರ್ಚಿ ಹಿಂದಕ್ಕೆ ಜರುಗಿಸಿದಳು.

"ನೀವು ಸಮಾಧಾನ ಹೇಳ್ತಿದ್ದೀರೋ, ಜಗಳ ಆಡ್ತಿದ್ದೀರೋ?" ಎಂದರು ಮೇಡಂ.

"ನಮ್ಮ ಕಡಿ ಎರಡಕ್ಕೂ ಒಂದ ದನಿರಿ ಮೇಡಂ."

ಅವರು ನಗಲಿಲ್ಲ. ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಬೇಡಿ, ಅವರ ಮನಸ್ಸಿನಲ್ಲಿ ಏನಿದೆ ಎಂದು ಮೆತ್ತಗೆ ಕೇಳಿ, ಊಟ ಸೇರದಿದ್ದರೆ ಏನು ತಿನ್ನಲು ಇಷ್ಟ ಎಂದು ಕೇಳಿ, ಎಂದು ಬರೆಸಿದರು. ನಾನು ಬರೆದುಕೊಂಡೆ. ಆ ಬರೆದುಕೊಂಡಿದ್ದೇ ತಪ್ಪಾಯಿತು.

ಸಾಬಣ್ಣ ನಮ್ಮೂರ ಹಿಟ್ಟಿನ ಗಿರಣಿಯವನು. ನನಗಿಂತ ನಾಲ್ಕೈದು ವರ್ಷ ಹಿರಿಯ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹಿಟ್ಟು ಕೂತು, ಮೂವತ್ತು ವರ್ಷದಿಂದ ಮುದುಕನ ಹಾಗೇ ಕಾಣುತ್ತಿದ್ದ. ಕೆಮ್ಮುತ್ತಿದ್ದ. ಗಿರಣಿಯವನು ಕೆಮ್ಮದೆ ಇನ್ನೇನು ಮಾಡುತ್ತಾನೆ ಎಂದು ಊರು ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಅವನ ಲುಂಗಿ ಸೊಂಟದಲ್ಲಿ ನಿಲ್ಲದಂತಾದಾಗ ನನಗೆ ಸಂಶಯ ಬಂದು ಕಫ ಪರೀಕ್ಷೆ ಮಾಡಿಸಿದೆ. ಟಿಬಿ.

ಗುಳಿಗೆ ನನ್ನ ಕೈಗೆ ಕೊಟ್ಟರು. ಆರು ತಿಂಗಳು ದಿನಾಲೂ ನನ್ನ ಕಣ್ಣೆದುರು ನುಂಗಬೇಕು, ನಾನು ಕಾರ್ಡಿನಲ್ಲಿ ಗುರುತು ಹಾಕಬೇಕು. ಆಸ್ಪತ್ರೆಯಲ್ಲಿ ಸಿಸ್ಟರ್ ಹತ್ತು ವಿಷಯ ಹೇಳಿಕೊಟ್ಟಿದ್ದರು. ಅದರಲ್ಲಿ ಒಂಬತ್ತನ್ನು ನಾನು ಸಾಬಣ್ಣನಿಗೆ ಹೇಳಿದೆ. ಮರೆತದ್ದು ಒಂದೇ: ಈ ಗುಳಿಗೆ ನುಂಗಿದರೆ ಉಚ್ಚೆ ಕೆಂಪಗೆ ಬರುತ್ತದೆ, ಹೆದರಬೇಡ ಎನ್ನುವುದು.

ಎರಡನೇ ದಿನ ಹೋದಾಗ ಅವನು ಹಾಸಿಗೆ ಹಿಡಿದಿದ್ದ. ಹೆಂಡತಿ ದೇವಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ಯಕ್ಕಾ, ರಗತ ಹೋಗಾಕತ್ತದ!"

"ರಗತ ಅಲ್ಲಬೇ, ಗುಳಿಗಿ ಬಣ್ಣ ಅದು."

"ನಿನ್ನಿ ಯಾಕ ಹೇಳ್ಲಿಲ್ಲ?"

"ಮರ್ತೆ."

ನಾನು ಕೆಟ್ಟ ಸುದ್ದಿ ಮುಚ್ಚಿಡಲು ಈ ನೆವ ಹೇಳುತ್ತಿದ್ದೇನೆ ಎಂದು ಇಬ್ಬರಿಗೂ ಅನಿಸಿತು. ಅಲ್ಲಿಂದ ಸಾಬಣ್ಣ ಊಟ ಬಿಟ್ಟ. ಗುಳಿಗೆಯ ಜೊತೆ ಅನ್ನ-ರೊಟ್ಟಿ ಹೋಗದಿದ್ದರೆ ಟಿಬಿ ಮನುಷ್ಯನನ್ನೇ ತಿನ್ನುತ್ತದೆ. ನಾನು ತರಬೇತಿಯ ಪುಸ್ತಕ ನೆನಪು ಮಾಡಿಕೊಂಡು, ಹಾಸಿಗೆ ಪಕ್ಕ ಕೂತು, ಜೀವಮಾನದಲ್ಲೇ ಮೊದಲ ಸಲ ಮೆತ್ತಗೆ ಕೇಳಿದೆ:

"ಸಾಬಣ್ಣಾ, ಏನ್ ಉಣ್ಣಬೇಕನಸ್ತದ ಹೇಳಪ್ಪಾ. ಮಾಡಿಸಿ ತರ್ತೀನಿ."

ದೇವಮ್ಮನ ಕೈಯಿಂದ ಚಹಾದ ಕಪ್ಪು ಬಿತ್ತು. ಸಾಬಣ್ಣ ನನ್ನನ್ನೊಮ್ಮೆ ನೋಡಿ ಗೋಡೆ ಕಡೆ ಹೊರಳಿದ.

ನಮ್ಮ ಕಡೆ ಹಾಸಿಗೆ ಹಿಡಿದವರಿಗೆ ಈ ಪ್ರಶ್ನೆ ಕೇಳುವುದು ಯಾವಾಗ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಡಾಕ್ಟರು ಕೈಬಿಟ್ಟ ಮೇಲೆ, ಬಾಯಲ್ಲಿ ಆಸೆ ಇಟ್ಟುಕೊಂಡು ಹೋಗಬಾರದು ಎಂದು ಕೇಳುತ್ತಾರೆ. ನಮ್ಮ ಮಾವನಿಗೆ ನಾನೇ ಕೇಳಿದ್ದೆ. ಅವರು ಕರಿಗಡಬು ಎಂದಿದ್ದರು, ಒಂದು ತಿಂದು ಮರುದಿನ ಹೋದರು. ಅದೆಲ್ಲ ನನಗೆ ನೆನಪಾದದ್ದು ಕಪ್ಪು ಒಡೆದ ಮೇಲೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟು ಮೆತ್ತಗೆ ನಾನು ಯಾರ ಜೊತೆಗೂ ಮಾತಾಡಿದ್ದೇ ಇಲ್ಲ. ಜೋರಾಗಿ ಕೇಳಿದ್ದರೆ ಬಹುಶಃ ನಂಬುತ್ತಿರಲಿಲ್ಲ.

ದೇವಮ್ಮ ಫೋನು ಹಚ್ಚಿದಳು. ಮರುದಿನ ಹತ್ತು ಗಂಟೆಗೆ ಕಡೇಚೂರಿನಿಂದ ಒಂದು ಬಾಡಿಗೆ ಜೀಪು ಬಂತು. ಸಾಬಣ್ಣನ ತಂಗಿ ಮರೆಮ್ಮ, ಅವಳ ಗಂಡ, ಬೀಗರು, ಬೀಗರ ನೆರೆಯವರು, ಹನ್ನೊಂದು ಮಂದಿ ಇಳಿದರು. ಹೋಳಿಗೆ ಡಬ್ಬಿ, ಕೋಳಿ ಸಾರು, ಉಂಡಿ, ಬ್ರೆಡ್ಡು, ಎಳನೀರು. ಯಾವ ಆಸೆ ಎಂದು ದೇವಮ್ಮ ಹೇಳಿರಲಿಲ್ಲವಾದ್ದರಿಂದ ಎಲ್ಲವನ್ನೂ ತಂದಿದ್ದರು.

ಒಳಗೆ ಬಂದು ನೋಡಿದರೆ ಹಾಸಿಗೆ ಖಾಲಿ.

ಮರೆಮ್ಮ ಹೊಸ್ತಿಲ ಮೇಲೆ ಕುಸಿದು ಶುರು ಮಾಡಿದಳು. "ಯಣ್ಣಾ, ನಾ ಬರೂತನ ತಡೀಬಾರದಿತ್ತೇನೋ! ನನ್ನ ಮದಿವ್ಯಾಗ ಊರ ಮಂದಿಗೆಲ್ಲ ಹಿಟ್ಟ ಬೀಸಿ ಹಾಕಿದ್ಯೋ! ನನಗೊಂದ ಬಣ್ಣ ಹೋಗೋ ಸೀರಿ ಉಡಿಸಿದ್ಯೋ! ಈ ಟೀಬಿ ಅನ್ನೋದು ನಿನ್ನ ಎದ್ಯಾಗ ಯಾವಾಗ ಹೊಕ್ಕತೋ!"

ಓಣಿಯೆಲ್ಲ ನೆರೆಯಿತು. ಸಾಬಣ್ಣ ಚರಿಗೆ ಹಿಡಿದುಕೊಂಡು ಹಿತ್ತಲ ಬಾಗಿಲಿಂದ ಒಳಗೆ ಬಂದು, ಮಂದಿಯ ಹಿಂದೆ ನಿಂತು, ತನ್ನ ಸಾವಿನ ಹಾಡನ್ನು ತಾನೇ ಪೂರ್ತಿ ಕೇಳಿದ. ಕಡೆಗೆ, "ಸೀರಿ ಬಣ್ಣ ಹೋಗಿದ್ದು ನೀ ಬಿಸಿನೀರಾಗ ಹಾಕಿದ್ದಕ್ಕ" ಎಂದ. ಜೀಪಿನಲ್ಲಿ ಬಂದವರಲ್ಲಿ ಒಬ್ಬ ಹೆಣ್ಣುಮಗಳು ಚಿಟ್ಟನೆ ಚೀರಿ ಹೊರಗೆ ಓಡಿದಳು.

ಈಗ ನಗುತ್ತೇವೆ. ಆಗ ಆದದ್ದೇನೆಂದರೆ, ಒಂಬತ್ತು ಮನೆಯ ಚಹಾ ಕುಡಿದು ನಾನು ಕಾಪಾಡಿದ್ದ ಗುಟ್ಟು ಮರೆಮ್ಮನ ಬಾಯಲ್ಲಿ ಹೊರಬಿತ್ತು. ಮರುದಿನದಿಂದ ಗಿರಣಿಗೆ ಒಂದು ಡಬ್ಬಿ ಜೋಳವೂ ಬರಲಿಲ್ಲ. ಹೆಂಗಸರು ಎರಡು ಮೈಲಿ ದೂರದ ಊರಿಗೆ ಬುಟ್ಟಿ ಹೊತ್ತರು. ಟಿಬಿಯವನು ಕೆಮ್ಮಿದ ಹಿಟ್ಟು ಯಾರು ತಿನ್ನುತ್ತಾರೆ? ಸಾಬಣ್ಣ ಗಿರಣಿಗೆ ಕೀಲಿ ಹಾಕಿ, ಕೀಲಿಕೈ ದೇವಮ್ಮನ ಕೈಗಿಟ್ಟು ಮಲಗಿದ.

ನಾನು ದಿನಾಲೂ ಹೋಗಿ ಗುಳಿಗೆ ಕೊಟ್ಟೆ, ಅವನು ನೀರು ಕುಡಿದ, ನಾನು ಗುರುತು ಹಾಕಿದೆ. ಹದಿನೈದು ದಿನದ ಮೇಲೆ ದೇವಮ್ಮ ಕಸ ಗುಡಿಸುವಾಗ ಹಾಸಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಗುಳಿಗೆ ಸಿಕ್ಕವು. ಮುಷ್ಟಿ ತುಂಬ. ನನ್ನ ಕಾರ್ಡಿನಲ್ಲಿ ಮಾತ್ರ ಸಾಬಣ್ಣ ಒಂದು ದಿನವೂ ತಪ್ಪಿಸಿರಲಿಲ್ಲ.

ಸಿಸ್ಟರ್ ನನ್ನನ್ನು ಆಸ್ಪತ್ರೆಯ ಕಟ್ಟೆ ಮೇಲೆ, ನಾಲ್ಕು ಮಂದಿಯ ಎದುರೇ ತರಾಟೆಗೆ ತೆಗೆದುಕೊಂಡರು.

"ನೀ ಮುಂದ ಕುಂತು ನೋಡಿದ್ದೇನು?"

"ಬಾಯಿ ನೋಡಿನ್ರಿ ಸಿಸ್ಟರ್."

"ನಾಲಿಗಿ ಕೆಳಗ?"

"ಅಂವ ನನಗಿಂತ ಹಿರ್ಯಾವ ಅದಾನ್ರಿ. ನಾಲಿಗಿ ಎತ್ತು ಅಂತ ಹೆಂಗ ಹೇಳ್ಲಿ?"

"ಹೆಣ ಎತ್ತೋದಕ್ಕಿಂತ ನಾಲಿಗಿ ಎತ್ಸೋದು ಚಲೋ. ಹೋಗು."

ಆ ಸಿಸ್ಟರ್ ಬಾಯಿ ಸರಿಯಿರಲಿಲ್ಲ, ಮಾತು ಸರಿಯಿತ್ತು. ಅಂಥ ಮೇಲಿನವರು ಸಿಕ್ಕರೆ ಬೈಸಿಕೊಳ್ಳಿ, ಬಿಡಬೇಡಿ.

ದಾರಿಯಲ್ಲಿ ನಡೆದು ಬರುವಾಗ ವಿಚಾರ ಮಾಡಿದೆ. ಗುಳಿಗೆ ಕಹಿ ಎಂದು ಉಗುಳುವವನು ಮುಖ ಕಿವಿಚುತ್ತಾನೆ, ಜಗಳ ಆಡುತ್ತಾನೆ. ಇವನು ಸುಮ್ಮನೆ ಬಾಯಲ್ಲಿಟ್ಟುಕೊಂಡು, ನಾನು ಹೋಗುವ ತನಕ ಕಾದು, ಸಂದಿಗೆ ಹಾಕುತ್ತಿದ್ದಾನೆ. ಇದು ಗುಳಿಗೆಯ ಮೇಲಿನ ಸಿಟ್ಟಲ್ಲ. ತಕ್ಕಡಿಯ ತೂಕದ ಕಲ್ಲುಗಳನ್ನು ದಾಯಾದಿಗೆ ಕೊಟ್ಟುಬಿಟ್ಟಿದ್ದಾನೆ ಎಂದು ದೇವಮ್ಮ ಹಿಂದಿನ ದಿನ ಹೇಳಿದ್ದೂ ನೆನಪಾಯಿತು. ಮೂವತ್ತು ವರ್ಷ ಆ ಕಲ್ಲನ್ನು ಯಾರಿಗೂ ಮುಟ್ಟಲು ಬಿಟ್ಟವನಲ್ಲ.

ಮನೆಗೆ ಹೋದೆ. ದೇವಮ್ಮನನ್ನು ಚಹಾಕ್ಕೆ ಕಳಿಸಿದೆ. ಈ ಸಲ ಮೆತ್ತಗೆ ಕೇಳಲಿಲ್ಲ, ನನ್ನ ದನಿಯಲ್ಲೇ ಕೇಳಿದೆ.

"ಸಾಬಣ್ಣಾ, ಖರೆ ಹೇಳು. ಸಾಯಬೇಕಂತ ಅನಸಾಕತ್ತದೇನು ನಿನಗ?"

ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆ. ಮೇಡಂ ಬೇಡ ಎಂದಿದ್ದು. ಸಾಬಣ್ಣ ಗೋಡೆ ಬಿಟ್ಟು ನನ್ನ ಕಡೆ ಹೊರಳಿದ.

"ದಿನಾ ಅನಸ್ತದ" ಎಂದ.

"ಹೆಂಗ ಅಂತ ವಿಚಾರ ಮಾಡೀಯೇನು?"

ಅವನ ಕಣ್ಣು ಮೂಲೆಯ ಗೋಡೆಗೂಡಿನ ಕಡೆ ಹೋಯಿತು. ಅಲ್ಲಿ ಹತ್ತಿಗೆ ಹೊಡೆಯುವ ಕೀಟನಾಶಕದ ಡಬ್ಬಿ ಇತ್ತು.

ನಾನು ಅಳಲಿಲ್ಲ, ಹಾಗೆಲ್ಲ ಅನ್ನಬಾರದಪ್ಪ ಎಂದೂ ಹೇಳಲಿಲ್ಲ. "ಹೇಳಿದ್ದು ಚಲೋ ಆತು" ಎಂದು ಎದ್ದು ಡಬ್ಬಿ ಇಳಿಸಿಕೊಂಡೆ. ದೇವಮ್ಮನಿಗೆ, "ಇವನ್ನ ಒಬ್ಬನ್ನೇ ಬಿಡಬ್ಯಾಡ, ಹಿತ್ತಲಕ್ಕ ಹೋದ್ರೂ ಕಣ್ಣಿಡು" ಎಂದೆ. ಸಿಸ್ಟರಿಗೆ ಫೋನು ಮಾಡಿದೆ. ಅವತ್ತು ಅವರು ಬೈಯಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಕರೆದುಕೊಂಡು ಬಾ, ಅಲ್ಲಿಯವರೆಗೆ ಪಾಳಿ ಹಾಕಿ ಕಾಯಿರಿ, ಹೆಚ್ಚುಕಡಿಮೆ ಅನಿಸಿದರೆ ಕಾಯದೆ ಗಾಡಿ ತರಿಸು ಎಂದರು.

ಗುಲಾಬಿ ಸೀರೆಯಲ್ಲಿ ಕೀಟನಾಶಕದ ಡಬ್ಬಿ ಹಿಡಿದು ಓಣಿಯಲ್ಲಿ ಬರುತ್ತಿದ್ದ ನನ್ನನ್ನು ಕಟ್ಟೆ ಮೇಲೆ ಕೂತ ಮುದುಕನೊಬ್ಬ ಕೇಳಿದ: "ಏನ್ ಯವ್ವಾ, ಸರಕಾರ ಈಗ ಇದನ್ನೂ ಮನಿಮನಿಗೆ ಹಂಚಾಕತ್ತದೇನು?"

ಅಂದು ಭಾನುವಾರ. ಎರಡು ದಿನ ನಾನು ಸಾಬಣ್ಣನ ಮನೆಯಲ್ಲೇ ಬಿಡಾರ ಹೂಡಿದೆ. ನಮ್ಮ ಮನೆಯ ತೊಗರಿಬೇಳೆ ತಂದು ಅವನ ಹಾಸಿಗೆ ಮುಂದೆ ಕೇರುತ್ತಾ ಕೂತೆ.

"ನಿಮ್ಮನ್ಯಾಗ ಜಾಗ ಇಲ್ಲೇನು?" ಎಂದ.

"ನಿಮ್ಮನಿ ತಣ್ಣಗದ."

"ಫ್ಯಾನ ನಿಂತು ಎಂಟ ದಿನ ಆತು."

"ಹಂಗಾರ ಎದ್ದು ರಿಪೇರಿ ಮಾಡು." ಏಳಲಿಲ್ಲ. ಆದರೆ ಮಾತಿಗೆ ಮಾತು ಬಂತಲ್ಲ, ಅಷ್ಟು ಸಾಕಿತ್ತು.

ಮಂಗಳವಾರ ಇನ್ನೊಂದು ಗಂಟು. "ಹುಚ್ಚರ ಡಾಕ್ಟರ ಕಡಿ ನಾ ಬರಂಗಿಲ್ಲ" ಎಂದ. ನಾನು ಒಂದು ಸುಳ್ಳು ಹೂಡಿದೆ. ತೋರಿಸಿಕೊಳ್ಳಬೇಕಾದವಳು ನಾನು, ನನಗೇ ನಿದ್ದೆಯಿಲ್ಲ, ಒಬ್ಬಳೇ ಹೋದರೆ ಊರು ಆಡಿಕೊಳ್ಳುತ್ತದೆ, ಜೊತೆಗೆ ಬಾ ಎಂದೆ. ನನಗೆ ಹುಚ್ಚು ಎನ್ನುವುದನ್ನು ಅವನು ತಕ್ಷಣ ನಂಬಿದ. ದೇವಮ್ಮನೂ ನಂಬಿದಳು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಮೂವರೂ ಟಂಟಂ ಆಟೋ ಹತ್ತಿ ಸುರಪುರಕ್ಕೆ ಹೋದೆವು.

ಡಾಕ್ಟರು ಸಣ್ಣ ವಯಸ್ಸಿನವರು. "ಹೇಳ್ರಿ ಅಮ್ಮಾ" ಎಂದರು. ಪಕ್ಕದ ಕುರ್ಚಿಯಲ್ಲಿ ಸಾಬಣ್ಣ. ನಾನು ಅವನ ಕಷ್ಟವನ್ನೆಲ್ಲ ನನ್ನದೆಂದು ಒಪ್ಪಿಸತೊಡಗಿದೆ.

"ನಿದ್ದಿ ಬರಂಗಿಲ್ರಿ. ರೊಟ್ಟಿ ಸೇರಂಗಿಲ್ರಿ. ಯಾರ್ ಜೋಡಿನೂ ಮಾತು ಬ್ಯಾಡನಸ್ತದ್ರಿ."

ಡಾಕ್ಟರು ಬರೆದುಕೊಂಡರು. ನನಗೆ ಹುರುಪು ಬಂತು.

"ಮತ್ತ ಗಿರಣಿ ಕೀಲಿ ತೆಗೀಲಿಕ್ಕೆ ಮನಸ್ಸ ಇಲ್ರಿ."

"ನಿಮ್ಮದು ಗಿರಣಿ ಇದೆಯಾ?"

"ಹಾಂ... ಸಣ್ಣದ್ರಿ."

"ಸಣ್ಣದಲ್ರಿ!" ಸಾಬಣ್ಣ ಕುರ್ಚಿಯಲ್ಲಿ ನೆಟ್ಟಗಾದ. "ಹತ್ತ ಎಚ್‌ಪಿ ಮೋಟರ್ ಅದರೀ ಸಾಹೇಬ್ರ. ಈಕಿ ಸುಳ್ಳ ಹೇಳಾಕತ್ತಾಳ. ನಿದ್ದಿ ಬರಲಾರದಾವ ನಾ. ಈಕಿ ಮೊನ್ನಿ ನಮ್ಮನ್ಯಾಗ ಬ್ಯಾಳಿ ಕೇರ್ಕೋತ ಗೊರಕಿ ಹೊಡದಾಳ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನೂ ದೇವಮ್ಮನನ್ನೂ ಹೊರಗೆ ಕೂರಿಸಿದರು. ಅರ್ಧ ತಾಸಿಗಿಂತ ಹೆಚ್ಚು ಬಾಗಿಲು ಮುಚ್ಚಿತ್ತು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ, ಸಾಬಣ್ಣ ಹೇಳಲಿಲ್ಲ. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಟಿಬಿ ಗುಳಿಗೆಯ ಚೀಟಿ ನೋಡಿ, ಅದರ ಜೊತೆ ಹೊಂದುವಂಥ ಇನ್ನೊಂದು ಸಣ್ಣ ಗುಳಿಗೆ ಬರೆದಿದ್ದರು. ನೇರವಾಗಿ ಕೇಳಿದ್ದು ತಪ್ಪಾಯಿತೇನೋ ಎಂದು ಡಾಕ್ಟರನ್ನು ಕೇಳಿದೆ. "ಹಂಗ ಕೇಳಬೇಕ್ರಿ ಅಮ್ಮಾ. ಕೇಳಿದ್ರ ಆ ವಿಚಾರ ಬರೋದಿಲ್ಲ, ಒಳಗಿರೋದು ಹೊರಗ ಬರ್ತದ" ಎಂದರು. ಆಮೇಲೆ, "ಸುಳ್ಳು ಮಾತ್ರ ಇನ್ನೊಮ್ಮೆ ಬೇಡ" ಎಂದೂ ಹೇಳಿದರು.

ಆ ಗುಳಿಗೆ ನುಂಗಿದ ಮರುದಿನವೇ ಮನುಷ್ಯ ಎದ್ದು ಕೂರುತ್ತಾನೆಂದು ತಿಳಿಯಬೇಡಿ. ಮೂರು ವಾರ ಏನೂ ಆಗಲಿಲ್ಲ. ನಾನು ದಿನಾಲೂ ಹೋಗಿ, "ಆ ಅನ್ನು. ನಾಲಿಗಿ ಎತ್ತು. ಎಡಕ್ಕ. ಬಲಕ್ಕ" ಎಂದೆ. "ಎತ್ತಿನ ಹಲ್ಲ ನೋಡ್ದಂಗ ನೋಡ್ತಿಯಲ್ಲಬೇ" ಎಂದು ಗೊಣಗಿದ. "ಎತ್ತಾಗಿದ್ರ ಸಂತ್ಯಾಗ ಮಾರಿ ಕೈ ತೊಳ್ಕೊಂತಿದ್ದೆ" ಎಂದೆ. ಮಂಗಳವಾರಗಳಂದು ಟಂಟಂ ಹತ್ತಿದೆವು, ಇಳಿದೆವು. ಧೈರ್ಯ ತಗೋ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಅವನಲ್ಲಿ ಧೈರ್ಯವಿದ್ದಿದ್ದರೆ ನಾನ್ಯಾಕೆ ಅಲ್ಲಿರುತ್ತಿದ್ದೆ?

ಒಂದು ದಿನ ಬೆಳಿಗ್ಗೆ ದೇವಮ್ಮ ನಮ್ಮ ಮನೆಗೆ ಓಡುತ್ತಾ ಬಂದಳು. ನಾನು ಬರಿಗಾಲಲ್ಲೇ ಅಂಗಳಕ್ಕಿಳಿದೆ.

"ಯಕ್ಕಾ, ಬೈದ!" ಎಂದಳು. ಮುಖ ಅರಳಿತ್ತು. "ಪುಂಡಿಪಲ್ಯಾಕ ಉಪ್ಪಿಲ್ಲ, ಕೈ ಬಿದ್ದ ಹೋಗ್ಯಾವೇನು ಅಂತ ತಾಟ ನೂಕಿ ಬೈದ!"

"ಉಂಡನಿಲ್ಲೋ?"

"ಉಪ್ಪ ಹಾಕ್ಸ್ಕೊಂಡು ಎರಡ ರೊಟ್ಟಿ ಉಂಡ."

ಗಂಡ ಬೈದನೆಂದು ಅಷ್ಟು ಖುಷಿಪಟ್ಟ ಹೆಂಗಸನ್ನು ನಾನು ಮತ್ತೆ ನೋಡಿಲ್ಲ. ಅವಳು ತಿರುಗಿ ಬೈಯಲಿಲ್ಲವೇ ಎಂದು ಕೇಳಿದೆ. ಇವತ್ತು ಬಿಟ್ಟೆ, ನಾಳೆಯಿಂದ ಶುರು ಎಂದಳು.

ಎರಡು ತಿಂಗಳಿಗೆ ಕಫ ಸ್ವಚ್ಛ ಬಂತು. ಇನ್ನು ಇವನಿಂದ ಯಾರಿಗೂ ಹತ್ತುವುದಿಲ್ಲ, ಗಿರಣಿ ತೆಗೆಯಬಹುದು, ಗುಳಿಗೆ ಮಾತ್ರ ಬಿಡಬಾರದು ಎಂದರು ಡಾಕ್ಟರು. ನಾನು ಊರಿಗೆಲ್ಲ ಹೇಳಿದೆ. ಎಲ್ಲರೂ ಹೌದೌದು ಎಂದು ತಲೆಯಾಡಿಸಿ ಬುಟ್ಟಿ ಹೊತ್ತು ಆ ಇನ್ನೊಂದು ಊರಿಗೇ ಹೋದರು. ಸಾಬಣ್ಣನೂ, "ಆರು ತಿಂಗಳ ಮುಗೀಲಿ, ಕಾಗದ ಕೈಯಾಗ ಬರ್ಲಿ" ಎಂದ. ಕಾಗದವೂ ಬಂತು. ಕಡೆಯ ಗುಳಿಗೆ ನುಂಗಿದ ದಿನ ನನಗೆ ಹೇಳಿದ:

"ನಾಳಿ ಬಾಗಲಾ ತೆರೀತೀನಿ. ಒಬ್ರೂ ಬರ್ಲಿಲ್ಲಂದ್ರ ಮತ್ತ ಮಕ್ಕೊಂತೀನಿ. ಆಗ ನೀ ನಮ್ಮನಿ ಕಡಿ ಬರಬ್ಯಾಡ."

ದನಿಯಲ್ಲಿ ಚೇಷ್ಟೆ ಇರಲಿಲ್ಲ. ನನಗೆ ಆರು ತಿಂಗಳ ಕೆಲಸ ಒಂದು ಬಾಗಿಲ ಮೇಲೆ ನಿಂತಂತೆ ಕಂಡಿತು.

ಮರುದಿನ ನಮ್ಮ ಮನೆಯ ಜೋಳ ಡಬ್ಬಿಗೆ ತುಂಬಿದೆ. ಸೊಸೆ ಅಡ್ಡ ನಿಂತಳು. "ಆ ಹಿಟ್ಟಿನ ರೊಟ್ಟಿ ನಾ ಉಣ್ಣಂಗಿಲ್ಲ ನೋಡ್ರಿ ಅತ್ತಿ."

"ಉಣಬ್ಯಾಡ. ನಡ ಸಣ್ಣಗಾಗ್ತದ" ಎಂದು ಡಬ್ಬಿ ಹೊತ್ತು ಹೊರಟೆ.

ಗಿರಣಿ ಬಾಗಿಲು ತೆರೆದಿತ್ತು. ಸಾಬಣ್ಣ ಕಲ್ಲು ಒರೆಸಿ, ತಕ್ಕಡಿ ಕಲ್ಲುಗಳನ್ನು ದಾಯಾದಿಯಿಂದ ತಿರುಗಿ ತಂದು, ಒಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ಎದುರಿನ ಕಟ್ಟೆಗಳ ಮೇಲೆ, ಬಾಗಿಲುಗಳಲ್ಲಿ ಹೆಂಗಸರು. ಯಾರ ಕೈಯಲ್ಲೂ ಡಬ್ಬಿಯಿಲ್ಲ. ಎಲ್ಲರಿಗೂ ಕಾಣುವಂತೆ ನನ್ನ ಡಬ್ಬಿಯನ್ನು ದಡ್ಡೆಂದು ಇಳಿಸಿದೆ.

"ಬೀಸು" ಎಂದೆ.

ಅವನು ಜೋಳದಲ್ಲಿ ಕೈಯಾಡಿಸಿದ. ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದ. ಧೈರ್ಯದ ಗಡಿಬಿಡಿಯಲ್ಲಿ ನಾನು ಚೀಲದ ತಳದ ಜೋಳ ತುಂಬಿಕೊಂಡು ಬಂದಿದ್ದೆ, ಹಸನು ಮಾಡಿರಲಿಲ್ಲ.

"ಏನಿದು?" ಓಣಿಯ ಆ ತುದಿಗೆ ಕೇಳುವಂತೆ ಕೂಗಿದ. "ಜ್ವಾಳ ತಂದೀಯೋ, ಹಳ್ಳದ ಉಸುಕ ತಂದೀಯೋ? ಹರಳ ನೋಡು, ಕಡ್ಡಿ ನೋಡು. ಇದನ್ನ ಹಾಕಿದ್ರ ನನ್ನ ಕಲ್ಲ ಉಳಿತಾವೇನು? ಮಂದಿ ಹಿಟ್ಟಿನಾಗ ಉಸುಕ ಕಡಿಬೇಕೇನು? ತಗೊಂಡ್ ನಡಿ. ಆರಿಸ್ಕೊಂಡ್ ಬಾ."

"ಸಾಬಣ್ಣಾ, ಇವತ್ತೊಂದ ದಿನ..."

"ಯಾ ದಿನಾನೂ ಇಲ್ಲ. ಎತ್ತು ಡಬ್ಬಿ."

ಕಟ್ಟೆ ಮೇಲಿನ ಹೆಂಗಸರು ಕಿಸಕ್ಕೆಂದರು. ಅವನಿಗೋಸ್ಕರ ಸೊಸೆಯ ಬಾಯಿ ಮುಚ್ಚಿಸಿ ಬಂದಿದ್ದೆ, ಸುರಪುರದ ಡಾಕ್ಟರ ಎದುರು ಹುಚ್ಚಿಯಾಗಿದ್ದೆ. ಮುಖ ಕೆಂಪಗೆ ಮಾಡಿಕೊಂಡು ಡಬ್ಬಿ ಎತ್ತಿ ಮನೆಗೆ ಬಂದೆ. ಸೊಸೆ ಮೊರ ತಂದು ಮುಂದಿಟ್ಟಳು, ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದೇ ಹೆಚ್ಚು ಉರಿಯಿತು. ಕೇರಿ, ಆರಿಸಿ, ಹಸನು ಮಾಡಿ ಮತ್ತೆ ಹೊತ್ತು ಹೋಗುವ ಹೊತ್ತಿಗೆ ಒಂದು ತಾಸು ಆಗಿತ್ತು.

ಓಣಿಯ ತಿರುವಿನಲ್ಲೇ ಮೋಟರಿನ ಸದ್ದು ಕೇಳಿತು. ಬಾಗಿಲಲ್ಲಿ ಆರೋ ಏಳೋ ಡಬ್ಬಿಗಳು ಸಾಲಾಗಿದ್ದವು. ಹೆಂಗಸರು ಒಬ್ಬರ ಹಿಂದೊಬ್ಬರು, ಕೂತವರು ಕೂತೇ ಜೋಳದ ಹರಳು ಆರಿಸುತ್ತಿದ್ದರು. "ಆ ಊರಾಂವ ಉಸುಕ ಕೊಟ್ರೂ ಬೀಸ್ತಾನ, ಇಂವಾದ್ರ ಹಸನ ನೋಡ್ತಾನ" ಎನ್ನುತ್ತಿದ್ದಳು ಒಬ್ಬಳು. ಹುಬ್ಬಿನ ತನಕ ಹಿಟ್ಟಾಗಿದ್ದ ಸಾಬಣ್ಣನ ಹತ್ತಿರ ನಾನು ನೇರವಾಗಿ ನುಗ್ಗಿದೆ.

"ಹಸನ ಮಾಡೀನಿ. ನಂದ ಮೊದಲ ಹಾಕು. ಎಲ್ಲಾರಕ್ಕಿಂತ ಮೊದಲ ಬಂದಾಕಿ ನಾ."

ಅವನು ತಲೆ ಎತ್ತಲಿಲ್ಲ.

"ಪಾಳಿ ಅದ" ಎಂದ. "ಹಿಂದ ನಿಂದ್ರು."

ನಿಂತೆ.